ಹೊಳೆದಂಡೆ ಕಟ್ಟಿದ್ದು: ಬುಡಕ್ಕೆ ಕಲ್ಲು, ಮೈಗೆ ಲಾವಂಚ

ಜಾಗ ಗಂಗಾವತಿ ತಾಲ್ಲೂಕಿನದು. ಕಂಪ್ಲಿ ಸೇತುವೆಗಿಂತ ಸ್ವಲ್ಪ ಮೇಲಕ್ಕೆ, ತುಂಗಭದ್ರೆಯ ಎಡದಂಡೆ. ಹೊಳೆ ಇಲ್ಲಿ ಬಲಕ್ಕೆ ಹೊರಳುತ್ತದೆ. ಹಾಗಾಗಿ ಸೆಳವು ಪೂರ್ತಿ ನಮ್ಮ ಕಡೆಗೇ ಬಂದು ಬಡಿಯುತ್ತದೆ. ಮಾವನವರ ಭತ್ತದ ಗದ್ದೆ ದಂಡೆಯ ಅಂಚಿನವರೆಗೂ ಇದೆ. ಹಾಳಾದ ಭಾಗ ಸುಮಾರು 60 ಮೀಟರ್ ಉದ್ದ. ಎತ್ತರ ಎಲ್ಲ ಕಡೆ ಒಂದೇ ಇಲ್ಲ, 3 ಮೀಟರ್ ಅಂದುಕೊಳ್ಳಿ. ಇಳಿಜಾರು ಅನ್ನುವುದೇ ಇರಲಿಲ್ಲ, ಮಣ್ಣು ನೆಟ್ಟಗೆ ಕಡಿದು ನಿಂತಿತ್ತು.

ಇಲ್ಲಿ ಏನೇನು ಮಾಡಿದೆವು, ಯಾವುದು ನಿಂತಿತು, ಯಾವುದು ಹೋಯಿತು ಅಂತ ಬರೆದಿಡುತ್ತಿದ್ದೇನೆ. ಹೊಳೆಸಾಲಿನಲ್ಲಿ ಇದೇ ಕಷ್ಟ ಇರುವ ರೈತರು ತುಂಬಾ ಜನ. ದುಡ್ಡು ಸುರಿದು ಗೋಡೆ ಕಟ್ಟಿಸುವುದು ಎಲ್ಲರ ಕೈಲಿ ಆಗುವ ಮಾತಲ್ಲ.

ಬಿದ್ದದ್ದು ಯಾವಾಗ, ಯಾಕೆ

2024ರ ಆಗಸ್ಟ್ 10ರ ರಾತ್ರಿ ಟಿಬಿ ಡ್ಯಾಮಿನ (ತುಂಗಭದ್ರಾ ಅಣೆಕಟ್ಟಿನ) 19ನೇ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋಗಿದ್ದನ್ನು ನಮ್ಮ ಭಾಗದವರು ಯಾರೂ ಮರೆಯುವುದಿಲ್ಲ. ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ಎತ್ತಿದರು. ಹೊಳೆಗೆ ಲಕ್ಷ ಕ್ಯೂಸೆಕ್ ಆಸುಪಾಸು ನೀರು ಬಂತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಉಸ್ತುವಾರಿಯಲ್ಲಿ ಹರಿಯುವ ನೀರಿನಲ್ಲೇ ಗೇಟಿನ ಜಾಗದಲ್ಲಿ ಕೂರಿಸುವ ಉಕ್ಕಿನ ಹಲಗೆಗಳನ್ನು, ಅಂದರೆ ಸ್ಟಾಪ್‌ಲಾಗ್ ಇಳಿಸಿ, ಒಂದು ವಾರದಲ್ಲಿ ಆ ಬಾಯಿ ಮುಚ್ಚಿದರು.

ಆ ವಾರ ಪೂರ್ತಿ ನಮ್ಮ ದಂಡೆ ನಿಂತಿತ್ತು. ಬಿದ್ದದ್ದು ನೀರು ಇಳಿದ ಮೇಲೆ. ಬೆಳಗ್ಗೆ ಹೋದರೆ ಗದ್ದೆಯ ಬದು, ಅದರ ಮೇಲಿದ್ದ ಎರಡು ಹೊಂಗೆ ಗಿಡ, ಪಂಪಿನ ಪೈಪು ಎಲ್ಲ ಕೆಳಗೆ ಕೂತಿದ್ದವು. ಹರಿಗೋಲು ಹಾಕುವ ತಾತ ಒಬ್ಬರು ಬಂದು ನೋಡಿ ಹೇಳಿದರು: "ನೀರು ಏರ್ವಾಗ ಏನೂ ಆಗಂಗಿಲ್ಲ ತಮ್ಮಾ. ಇಳಿವಾಗ ನೋಡು, ಆವಾಗ ಬೀಳ್ತೈತಿ."

ಅವರ ಮಾತು ನಿಜ. ಹೊಳೆ ತುಂಬಿದಾಗ ನೀರು ದಂಡೆಯ ಮಣ್ಣಿನೊಳಗೂ ಇಂಗುತ್ತದೆ. ಹೊಳೆ ತುಂಬಿರುವ ತನಕ ಹೊರಗಿನ ನೀರೇ ಆ ಮಣ್ಣನ್ನು ಒತ್ತಿ ಹಿಡಿದಿರುತ್ತದೆ. ಡ್ಯಾಮಿನಲ್ಲಿ ಗೇಟು ಇಳಿಸಿದರೆ ಹೊಳೆ ಗಂಟೆಗಳಲ್ಲಿ ಇಳಿದುಬಿಡುತ್ತದೆ. ಮಣ್ಣೊಳಗಿನ ನೀರು ಅಷ್ಟು ಬೇಗ ಹೊರಗೆ ಬರುವುದಿಲ್ಲ. ಒದ್ದೆ ಮಣ್ಣಿನ ಭಾರ ಒಂದು ಕಡೆ, ಒಳಗಿನ ನೀರು ಹೊರಕ್ಕೆ ನೂಕುವುದು ಇನ್ನೊಂದು ಕಡೆ. ಎರಡೂ ಸೇರಿ ದಂಡೆ ಜಾರುತ್ತದೆ.

ನಮ್ಮಲ್ಲಿ ಮಣ್ಣಿನ ಪದರವೂ ಸಾಥ್ ಕೊಟ್ಟಿತು. ಮೇಲೆ ಒಂದೂವರೆ ಮೀಟರ್ ಎರೆಮಣ್ಣು, ಅದರ ಕೆಳಗೆ ಮರಳು ಬೆರೆತ ಮೆಕ್ಕಲು. ಎರೆಮಣ್ಣಿಗೆ ಬೆರಳು ಒತ್ತಿದರೆ ಉಗುರು ಮಾತ್ರ ಇಳಿಯುತ್ತದೆ. ಒಂದು ಗೇಣು ಕೆಳಗೆ ಮೆಕ್ಕಲಿಗೆ ಒತ್ತಿದರೆ ಬೆರಳು ಪೂರ್ತಿ ಒಳಗೆ ಹೋಗಿ, ಸಕ್ಕರೆ ಸುರಿದ ಹಾಗೆ ಮಣ್ಣು ಉದುರುತ್ತದೆ. ಸೆಳವು ಮೊದಲು ತಿನ್ನುವುದು ಈ ಮೆಕ್ಕಲನ್ನು. ಮೇಲಿನ ಎರೆಮಣ್ಣು ಸ್ವಲ್ಪ ದಿನ ಚಜ್ಜಾ ಥರ ಚಾಚಿಕೊಂಡು ನಿಂತು, ಆಮೇಲೆ ದೊಡ್ಡ ಹೆಂಟೆಯಾಗಿ ಬೀಳುತ್ತದೆ. ಬೇಸಿಗೆಯಲ್ಲಿ ಎರೆಮಣ್ಣು ಬಿರುಕು ಬಿಡುವುದು ಗೊತ್ತಲ್ವಾ, ದಂಡೆಯ ಅಂಚಿಗೆ ಸಮನಾಗಿ ಬಿಟ್ಟ ಬಿರುಕಿನಲ್ಲಿ ಕೈ ಇಳಿಸಿದರೆ ಮೊಣಕೈ ತನಕ ಹೋಗುತ್ತಿತ್ತು. ಮುಂದೆ ಎಲ್ಲಿಂದ ಕಳಚುತ್ತದೆ ಅಂತ ಆ ಬಿರುಕೇ ತೋರಿಸುತ್ತಿತ್ತು.

ಗೋಡೆ ಯಾಕೆ ಬೇಡ ಅಂದೆವು

ಸುತ್ತಮುತ್ತ ಎಲ್ಲರೂ ಹೇಳಿದ್ದು ಒಂದೇ, ಕಲ್ಲು ಕಟ್ಟಡ ಮಾಡಿಸಿ ಅಂತ. ನೆಟ್ಟಗೆ ನಿಂತ ಗೋಡೆಗೆ ಬಡಿದ ನೀರು ಸುಮ್ನೆ ಹೋಗುವುದಿಲ್ಲ. ಕೆಳಕ್ಕೆ ತಿರುಗಿ ಗೋಡೆಯ ಬುಡವನ್ನೇ ಕೆದರುತ್ತದೆ, ಇಲ್ಲವೇ ಪಕ್ಕದವರ ದಂಡೆಗೆ ಹೋಗಿ ಬಡಿಯುತ್ತದೆ. ಕರಾವಳಿಯಲ್ಲಿ ಇದನ್ನು ಜನ ಕಣ್ಣಾರೆ ನೋಡಿದ್ದಾರೆ. ಮಂಗಳೂರಿನ ಹತ್ತಿರ ಉಳ್ಳಾಲದಲ್ಲಿ ವರ್ಷಗಟ್ಟಲೆ ಕಲ್ಲು ಸುರಿದರೂ ಕಡಲು ದಡ ನುಂಗುವುದು ನಿಲ್ಲಲಿಲ್ಲ. ಆಮೇಲೆ ಅಲೆ ದಡ ಮುಟ್ಟುವ ಮೊದಲೇ ಅದರ ಬಲ ಮುರಿಯಲಿ ಅಂತ ನೀರೊಳಗೆ ರೀಫ್, ಅಂದರೆ ಮುಳುಗಿದ ದಿಬ್ಬ, ಕಟ್ಟಿದರು. ಕುಂದಾಪುರದ ಅಳಿವೆಗಳಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡ ಇದೇ ಕೆಲಸವನ್ನು ಪುಕ್ಕಟೆ ಮಾಡುತ್ತದೆ. ಬೇರಿನ ಗುಂಪು ಅಲೆಯನ್ನು ನಿಧಾನ ಮಾಡುತ್ತದೆ, ನಿಧಾನವಾದ ನೀರು ಹೊತ್ತು ತಂದ ಕೆಸರನ್ನು ಅಲ್ಲೇ ಬಿಡುತ್ತದೆ, ಆ ಕೆಸರಿನಲ್ಲಿ ಇನ್ನಷ್ಟು ಗಿಡ ಬರುತ್ತದೆ.

ನಮಗೆ ಕಡಲಿಲ್ಲ, ಕಾಂಡ್ಲಾ ಇಲ್ಲಿ ಬದುಕುವುದಿಲ್ಲ. ಆದರೆ ನೀರನ್ನು ನಿಧಾನ ಮಾಡುವ, ಮಣ್ಣನ್ನು ಬೇರಿನಿಂದ ಹೊಲಿಯುವ ಗಿಡ ನಮ್ಮ ಹೊಳೆಸಾಲಿನಲ್ಲೂ ಇವೆ. ಲಕ್ಕಿ ಪೊದೆ ಇದೆ, ಆಪು ಅನ್ನುವ ಜೊಂಡು ಇದೆ, ಹೊಳೆಮತ್ತಿ ಮರ ಇದೆ. ಲಾವಂಚ ಹೊರಗಿನಿಂದ ತಂದೆವು, ಆದರೆ ಅದೂ ನಮ್ಮ ನಾಡಿನದೇ ಹುಲ್ಲು. ಗುಂಡ್ಲುಪೇಟೆ ಕಡೆ ರೈತರು ತಲೆಮಾರುಗಳಿಂದ ಹೊಲದ ಬದುವಿಗೆ ಅದನ್ನೇ ಹಾಕಿಕೊಂಡು ಬಂದಿದ್ದಾರೆ.

ಮೊದಲ ಕೆಲಸ ಗದ್ದೆಯಲ್ಲಿ

ಹೊಳೆಯ ಕಡೆ ಗುದ್ದಲಿ ಹಾಕುವ ಮೊದಲು ಗದ್ದೆಯ ಕಡೆ ನೋಡಬೇಕು. ಭತ್ತದ ಗದ್ದೆ ಅಂದಮೇಲೆ ನೀರು ನಿಂತೇ ಇರುತ್ತದೆ. ಅಂಚಿನವರೆಗೆ ನೀರು ನಿಂತರೆ ದಂಡೆ ಒಳಗಿನಿಂದ ಯಾವಾಗಲೂ ಹಸಿ. ಜೊತೆಗೆ ಬಸಿಗಾಲುವೆಯ ನೀರು ಒಂದು ಮೂಲೆಯಲ್ಲಿ ದಂಡೆಯ ಮೇಲಿಂದ ಧುಮುಕಿ ದೊಡ್ಡ ಕೊರಕಲು ಮಾಡಿತ್ತು.

ಮಾವನ ಜೊತೆ ಮಾತು ಬಿಗಿಯಾಗಿದ್ದು ಇಲ್ಲೇ. ದಂಡೆಯನ್ನು ಇಳಿಜಾರು ಮಾಡಲೇಬೇಕು. 1 ಮೀಟರ್ ಎತ್ತರಕ್ಕೆ ಒಂದೂವರೆ ಮೀಟರ್ ಹಿಂದಕ್ಕೆ ಹೋದರೆ 3 ಮೀಟರ್ ದಂಡೆಗೆ ನಾಲ್ಕೂವರೆ ಮೀಟರ್ ಜಾಗ ಬೇಕು. ಅದರ ಹಿಂದೆ 4 ಮೀಟರ್ ಪಟ್ಟಿ ಭತ್ತ ಇಲ್ಲದೆ ಬಿಡಬೇಕು. 60 ಮೀಟರ್ ಉದ್ದಕ್ಕೆ ಲೆಕ್ಕ ಹಾಕಿದರೆ ಐದು ಗುಂಟೆ. ನೀರಾವರಿ ಗದ್ದೆಯಲ್ಲಿ ಐದು ಗುಂಟೆ ಬಿಡು ಅಂದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ.

"ಐದು ಗುಂಟೆ ಬಿಟ್ಟು ಏನ್ ಬೆಳೀಲಿ ಅಳಿಯಾ?" ಅಂದರು.

"ದನಕ್ಕೆ ಮೇವು ಬೆಳೀರಿ ಮಾವಾ. ಬಿಡದಿದ್ರ ಹೊಳಿ ಕೇಳದನ ತಗೊಂತೈತಿ," ಅಂದೆ.

ಅವರು ಉತ್ತರ ಕೊಡಲಿಲ್ಲ. ಎರಡು ದಿನ ಬಿಟ್ಟು ತಾವೇ ಹಗ್ಗ ಹಿಡಿದು ಗೂಟ ಹೊಡೆಸಿದರು. ಪಟ್ಟಿಯಲ್ಲಿ ಈಗ ನೇಪಿಯರ್ ಹುಲ್ಲು ಇದೆ, ಹಿಂದಿನ ಅಂಚಿಗೆ ಹೊಂಗೆ ಮತ್ತು ಹೊಳೆಮತ್ತಿ ಸಸಿ. ದೊಡ್ಡ ಮರವಾಗುವ ಗಿಡವನ್ನು ಇಳಿಜಾರಿನ ತುಟಿಗೆ ನೆಡಬಾರದು. ಬೆಳೆದ ಮೇಲೆ ಅದರ ಭಾರ, ಗಾಳಿಗೆ ಅದು ತೂಗಾಡುವುದು, ಎರಡೂ ಸೇರಿ ದಂಡೆಯನ್ನೇ ಕಿತ್ತುಕೊಂಡು ಬೀಳುತ್ತದೆ. ಬಸಿಗಾಲುವೆಯ ನೀರನ್ನು ಪೈಪಿನಲ್ಲಿ ಹಿಡಿದು, ಇಳಿಜಾರಿನ ಕೆಳಗೆ ಕಲ್ಲಿನ ಹಾಸಿನ ಮೇಲೆ ಬಿಟ್ಟೆವು.

ಅನುಮತಿಯ ವಿಷಯವನ್ನೂ ಹೇಳಬೇಕು. ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿ.ಮೀ. ಹೊಳೆ 2015ರಿಂದ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶ. ಅರಣ್ಯ ಇಲಾಖೆಗೆ ತಿಳಿಸದೆ ದಂಡೆಗೆ ಜೆಸಿಬಿ ಇಳಿಸುವ ಹಾಗಿಲ್ಲ, ಇಳಿಸಲೂಬಾರದು. ನಮ್ಮ ಜಾಗದ ಮೇಲ್ತುದಿಯಲ್ಲಿ ಬಂಡೆಗಳ ಗುಂಪೊಂದಿದೆ. ಅದರ ಮೇಲೆ ಒಣಗಿದ ಬೂದುಬಣ್ಣದ ಹಿಕ್ಕೆ ಬಿದ್ದಿತ್ತು. ಕಡ್ಡಿಯಿಂದ ಕೆದಕಿದರೆ ಒಳಗೆ ಪೂರ್ತಿ ಮೀನಿನ ಹುರುಪೆ, ಏಡಿಯ ಚಿಪ್ಪಿನ ಚೂರು. ನೀರುನಾಯಿ ಅಲ್ಲಿ ಬಂದು ಹೋಗುತ್ತದೆ ಅಂತ ಖಾತ್ರಿಯಾಯಿತು. ಆ ಬಂಡೆಗಳ ಸುದ್ದಿಗೇ ಹೋಗಲಿಲ್ಲ. ಅಲ್ಲಿದ್ದ ಆಪಿನ ಪೊದೆಯನ್ನೂ ಮುಟ್ಟಲಿಲ್ಲ. ನೀರುನಾಯಿಗಳು ಚಳಿಗಾಲದಲ್ಲಿ ಮರಿ ಹಾಕುತ್ತವೆ, ಹಾಗಾಗಿ ಮಾರ್ಚ್ ತನಕ ಕಾದು ಕೆಲಸ ಶುರು ಮಾಡಿದೆವು. ಹೊಳೆಯಲ್ಲಿ ನೀರು ಕಡಿಮೆ ಇರುವುದೂ ಆಗಲೇ.

ಬುಡ

ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದು. ಮೇಲೆ ಎಷ್ಟು ಗಿಡ ನೆಟ್ಟರೂ ಬುಡ ಹೋದರೆ ಎಲ್ಲ ಹೋಯಿತು. ಗಿಡದ ಬೇರು ಹೊಳೆಯ ತಳವನ್ನು ಹಿಡಿಯುವುದಿಲ್ಲ, ಅಲ್ಲಿಗೆ ಕಲ್ಲೇ ಬೇಕು. ಗಿಡದಿಂದ ದಂಡೆ ಕಟ್ಟುವುದು ಅಂದರೆ ಕಲ್ಲು ಮುಟ್ಟಲೇಬಾರದು ಅಂತ ತಿಳಿದವರಿದ್ದಾರೆ. ನಾನು ಹಾಗೆ ತಿಳಿದಿಲ್ಲ. ಕಲ್ಲು ಎಲ್ಲಿ ಬೇಕೋ ಅಲ್ಲಿಗಷ್ಟೇ ಇಡಬೇಕು.

ನೀರಿನ ಅಂಚಿಗೆ ಉದ್ದಕ್ಕೂ ಹೊಳೆಯ ತಳಕ್ಕಿಂತ 1 ಮೀಟರ್ ಆಳಕ್ಕೆ ಕಾಲುವೆ ತೋಡಿಸಿದೆವು. ತಳಕ್ಕೆ ಒಂದು ಗೇಣು ಗರಸು ಮತ್ತು ಜಲ್ಲಿ. ಇದು ಇಲ್ಲದೆ ನೇರ ಕಲ್ಲು ಇಟ್ಟರೆ ಕಲ್ಲಿನ ಸಂದಿಯಿಂದ ಮೆಕ್ಕಲು ಸೋರಿ, ಕಲ್ಲು ಒಂದೊಂದೇ ಕುಸಿಯುತ್ತದೆ. ಜಲ್ಲಿಯ ಮೇಲೆ ಕಾಡುಗಲ್ಲು, ಇಬ್ಬರು ಸೇರಿ ಎತ್ತಬೇಕಾದಷ್ಟು ದಪ್ಪದ್ದು. ದುಂಡನೆಯದು ಬೇಡ, ಮೂಲೆ ಇರುವುದು ಒಂದಕ್ಕೊಂದು ಕಚ್ಚಿಕೊಳ್ಳುತ್ತದೆ. ಸಿಮೆಂಟು ಹಾಕಲಿಲ್ಲ. ಒಳಗಿನ ನೀರು ಬಸಿದು ಹೊರಬರಲು ಸಂದಿ ಇರಲೇಬೇಕು. ಹೊಳೆಯ ಕಡೆಗೆ ಸ್ವಲ್ಪ ಕಲ್ಲು ಜಾಸ್ತಿಯೇ ಪೇರಿಸಿದೆವು. ಮುಂದೆ ಹೊಳೆ ತಳ ಕೊರೆದರೆ ಆ ಹೆಚ್ಚಿನ ಕಲ್ಲು ತಾನಾಗಿ ಜಾರಿ ಗುಂಡಿ ತುಂಬುತ್ತದೆ.

ಕಲ್ಲಿನ ಸಾಲು ಬೇಸಿಗೆಯ ನೀರಿನ ಮಟ್ಟಕ್ಕಿಂತ 1 ಮೀಟರ್ ಮೇಲೆ ಬಂದು ನಿಂತಿತು. ಎರಡೂ ತುದಿಗಳನ್ನು 2 ಮೀಟರ್ ದಂಡೆಯೊಳಕ್ಕೆ ತಿರುಗಿಸಿ ಹೂತೆವು. ತುದಿ ಬಿಟ್ಟರೆ ನೀರು ಹಿಂದಿನಿಂದ ನುಗ್ಗಿ ಇಡೀ ಸಾಲನ್ನೇ ಬಿಡಿಸಿಬಿಡುತ್ತದೆ.

ಕಲ್ಲಿನ ತಲೆಯ ಮೇಲೆ ತೆಂಗಿನ ನಾರಿನ ಉರುಳೆ, ಒಂದಡಿ ದಪ್ಪದ್ದು. ತಿಪಟೂರು ಕಡೆಯಿಂದ ತರಿಸಿದ್ದು. ಎರಡೂ ಪಕ್ಕ ಗೂಟ ಹೊಡೆದು, ನಾರಿನ ಹಗ್ಗದಲ್ಲಿ ಅಡ್ಡಡ್ಡ ಬಿಗಿದು, ಉರುಳೆಗೆ ತೂತು ಮಾಡಿ ಆಪಿನ ಗೆಡ್ಡೆ ಸಿಕ್ಕಿಸಿದೆವು. ನಾರು ಕೆಲವು ವರ್ಷಗಳಲ್ಲಿ ಕೊಳೆಯುತ್ತದೆ. ಅಷ್ಟರೊಳಗೆ ಆಪಿನ ಬೇರು ಅದರ ಜಾಗ ಹಿಡಿದಿರಬೇಕು.

ಮೈ

ಇಳಿಜಾರು ಕತ್ತರಿಸಿದ್ದು ಜೆಸಿಬಿ, ನಯ ಮಾಡಿದ್ದು ಗುದ್ದಲಿ. ಮೇಲಿನ ಎರೆಮಣ್ಣನ್ನು ಬೇರೆ ಗುಡ್ಡೆ ಹಾಕಿಸಿ, ಕೊನೆಗೆ ಇಳಿಜಾರಿನ ಮೇಲೆ ತೆಳ್ಳಗೆ ಹರಡಿದೆವು. ಬರೀ ಮೆಕ್ಕಲಿನಲ್ಲಿ ಗಿಡ ಹಿಡಿಯುವುದು ಕಷ್ಟ.

ಆಮೇಲೆ ಬಳ್ಳಾರಿ ಜಾಲಿ. ಇದನ್ನು ಕಂಡರೆ ರೈತರಿಗೆ ಆಗುವುದಿಲ್ಲ, ಸರಿಯೇ. ಆದರೆ ಕಡಿದ ಜಾಲಿ ನಮಗೆ ಚಿನ್ನ. ಎಲ್ಲಿ ನೋಡಿದರೂ ಇದೆ, ಗಟ್ಟಿ, ಬೇಗ ಹುಳ ಹಿಡಿಯುವುದಿಲ್ಲ. ಕಾಯಿ ಇಲ್ಲದ ಟೊಂಗೆಗಳನ್ನೇ ಆರಿಸಿ, ಚೆನ್ನಾಗಿ ಒಣಗಿಸಿ ತಂದೆವು. ಕಾಯಿ ಇದ್ದರೆ ದಂಡೆ ತುಂಬ ಜಾಲಿ ಎದ್ದು ಇನ್ನೊಂದು ತಲೆನೋವು. ಎರಡು ಮೀಟರ್ ಉದ್ದದ ಟೊಂಗೆಗಳನ್ನು ಒಂದಡಿ ದಪ್ಪದ ಹೊರೆ ಕಟ್ಟಿ, ಮೊಳಕ್ಕೊಂದು ಕಡೆ ಹಗ್ಗ ಬಿಗಿದೆವು. ಇಳಿಜಾರಿಗೆ ಅಡ್ಡಲಾಗಿ, ಒಂದೇ ಮಟ್ಟದಲ್ಲಿ ಸಣ್ಣ ಕಾಲುವೆ ತೋಡಿ, ಹೊರೆಯನ್ನು ಅರ್ಧ ಹೂತು ಮೇಲಿಂದ ಗೂಟ ಹೊಡೆದೆವು. ಎರಡು ಹೊರೆ ಸೇರುವ ಕಡೆ ಒಂದರ ತುದಿ ಇನ್ನೊಂದರೊಳಗೆ ತುರುಕಬೇಕು, ಇಲ್ಲದಿದ್ದರೆ ನೀರು ಆ ಸಂದಿಯನ್ನೇ ಹುಡುಕಿಕೊಂಡು ಬರುತ್ತದೆ. ಮುಳ್ಳಿಗೆ ದಪ್ಪ ಚರ್ಮದ ಕೈಗವಸು ಹಾಕಿದರೂ ಕೆಲಸದವರ ಕೈ ಗೀರಿಕೊಂಡಿತ್ತು. ಕೂಲಿ ಲೆಕ್ಕ ಹಾಕುವಾಗ ಇದನ್ನು ನೆನಪಿಡಿ, ಮುಳ್ಳಿನ ಕೆಲಸಕ್ಕೆ ಜಾಸ್ತಿ ಕೊಡಬೇಕು.

ಹೊರೆಯ ಸಾಲುಗಳ ನಡುವೆ ಲಕ್ಕಿ ಕಡ್ಡಿ. ಹೆಬ್ಬೆರಳು ದಪ್ಪ, ಎರಡಡಿ ಉದ್ದ. ಕೆಳತುದಿ ಓರೆಯಾಗಿ ಕತ್ತರಿಸಿ, ರಾತ್ರಿ ನೀರಿನಲ್ಲಿಟ್ಟು, ಬೆಳಗ್ಗೆ ಮುಕ್ಕಾಲು ಭಾಗ ಮಣ್ಣಿಗೆ ಇಳಿಸಬೇಕು. ಕಬ್ಬಿಣದ ಹಾರೆಯಿಂದ ಮೊದಲು ತೂತು ಮಾಡಿಕೊಂಡರೆ ಕಡ್ಡಿಯ ತೊಗಟೆ ಸುಲಿಯುವುದಿಲ್ಲ. ಲಕ್ಕಿಯನ್ನು ಆರಿಸಲು ಇನ್ನೊಂದು ಕಾರಣ, ಅದರ ವಾಸನೆಗೆ ಕುರಿ ಮೇಕೆ ಅಷ್ಟಾಗಿ ಬಾಯಿ ಹಾಕುವುದಿಲ್ಲ.

ಲಾವಂಚ ಕೊನೆಗೆ. ಒಂದು ಸಾಲಿಗೂ ಇನ್ನೊಂದು ಸಾಲಿಗೂ 1 ಮೀಟರ್ ಅಂತರ, ಸಾಲಿನೊಳಗೆ ಸಸಿಯಿಂದ ಸಸಿಗೆ 15 ಸೆಂ.ಮೀ. ಮಾತ್ರ. ಹತ್ತಿರ ನೆಟ್ಟರೇ ಅದು ಸಾಲಾಗಿ ಕೂಡಿಕೊಳ್ಳುವುದು. 60 ಮೀಟರ್ ಸಾಲಿಗೆ 400 ಸಸಿ, ಐದು ಸಾಲಿಗೆ 2,000. ಒಂದೊಂದು ಸಸಿಯಲ್ಲೂ ಎರಡು ಮೂರು ಮರಿ ಇರಬೇಕು. ಮೇಲೆ ಒಂದು ಗೇಣು ಉಳಿಸಿ ಕತ್ತರಿಸಿ, ಬೇರನ್ನು ನಾಲ್ಕು ಬೆರಳಿಗೆ ಇಳಿಸಿ, ಸಗಣಿ ಬಗ್ಗಡದಲ್ಲಿ ಅದ್ದಿ ನೆಟ್ಟೆವು. ಲಾವಂಚದ ಬೇರು ಅಕ್ಕಪಕ್ಕ ಹರಡುವುದು ಕಡಿಮೆ, ನೇರ ಕೆಳಗೆ ಹೋಗುತ್ತದೆ. ಒಳ್ಳೆಯ ಮಣ್ಣಿನಲ್ಲಿ ಎರಡು ಮೂರು ಮೀಟರ್ ಆಳಕ್ಕೂ ಇಳಿಯುತ್ತದೆ. ಜಾರುವ ಪದರವನ್ನು ದಾಟಿ ಹೋಗುವ ಬೇರು ನಮಗೆ ಬೇಕಿದ್ದದ್ದು. ಎಲ್ಲದರ ಮೇಲೆ ನಾರಿನ ಚಾಪೆ ಹಾಸಿ, ಮೇಲಂಚನ್ನು ಒಂದಡಿ ಕಾಲುವೆಯಲ್ಲಿ ಹೂತು ಮಣ್ಣು ಮುಚ್ಚಿದೆವು. ಸಸಿ ಇರುವ ಕಡೆ ಚಾಪೆಯ ಕಣ್ಣನ್ನು ಕೈಯಿಂದ ಅಗಲಿಸಬೇಕು, ಕತ್ತರಿಸಬಾರದು.

ದನ ನೀರಿಗಿಳಿಯಲು ಒಂದೇ ಕಡೆ ಕಲ್ಲು ಹಾಸಿದ ದಾರಿ ಬಿಟ್ಟು, ಉಳಿದ ಕಡೆ ಮುಳ್ಳಿನ ಬೇಲಿ ಹಾಕಿದೆವು. ಕುರಿಗಾರರಿಗೆ ಮೊದಲೇ ಹೇಳಿದ್ದರಿಂದ ಅವರು ಬೇಸರ ಮಾಡಿಕೊಳ್ಳಲಿಲ್ಲ. ಅವರಿಗೂ ಆ ದಾರಿಯೇ ಸಲೀಸಾಯಿತು.

ಹೊಳೆ ಬಂದಾಗ

2025ರಲ್ಲಿ ಗೇಟುಗಳ ಸ್ಥಿತಿ ನೋಡಿ ಡ್ಯಾಮಿನಲ್ಲಿ 80 ಟಿಎಂಸಿ ಮಾತ್ರ ನಿಲ್ಲಿಸುವ ತೀರ್ಮಾನವಾಗಿತ್ತು. ಹಾಗಾಗಿ ಜುಲೈ ಶುರುವಿನಲ್ಲೇ ಹೊಳೆಗೆ ನೀರು ಬಂತು. ನಾವು ಆಗಸ್ಟ್ ಅಂದುಕೊಂಡು ಮೇ ಕೊನೆಗೆ ನೆಟ್ಟಿದ್ದೆವು. ಲಾವಂಚಕ್ಕೆ ಸಿಕ್ಕಿದ್ದು ಒಂದು ತಿಂಗಳು. ಒಂದು ಸಸಿ ಅಗೆದು ನೋಡಿದಾಗ ಹೊಸ ಬೇರು ಮೊಳದುದ್ದ ಇಳಿದಿತ್ತು, ಬೆಳ್ಳಗೆ, ಎಳೆದರೆ ತಟ್ಟನೆ ಹರಿಯದಷ್ಟು ಗಟ್ಟಿ. ಲಕ್ಕಿ ಚಿಗುರಿತ್ತು. ಆಪು ಮಾತ್ರ ಮೊಣಕಾಲೆತ್ತರ ಎದ್ದು ನಿಂತಿತ್ತು.

ನೀರು ಕೆಳಗಿನ ಮೂರು ಸಾಲು ಮುಳುಗಿಸಿ ನಿಂತಿತು. ನನಗೆ ಭಯ ಇದ್ದದ್ದು ಇಳಿಯುವ ಹೊತ್ತಿಗೆ. ಇಳಿದ ಮೇಲೆ ಹೋಗಿ ನೋಡಿದರೆ ಕಲ್ಲಿನ ಸಂದಿಗಳಿಂದ ತಿಳಿ ನೀರು ಸಣ್ಣಗೆ ಬಸಿಯುತ್ತಿತ್ತು. ಅದನ್ನು ನೋಡಿ ನನಗೂ ಮಾವನಿಗೂ ಆದ ಸಮಾಧಾನ ಹೇಳತೀರದು. ಒಳಗಿನ ನೀರು ಮಣ್ಣನ್ನು ಬಿಟ್ಟು ತಾನು ಮಾತ್ರ ಬರುತ್ತಿದೆ ಅಂದರೆ ಜಲ್ಲಿ ಕೆಲಸ ಮಾಡುತ್ತಿದೆ ಅಂತ ಅರ್ಥ. ಜಾಲಿ ಹೊರೆಗಳ ಹಿಂದೆ ನಾಲ್ಕು ಬೆರಳು ಹೂಳು ಕೂತಿತ್ತು, ಅದರಲ್ಲಿ ಆಗಲೇ ಗರಿಕೆ ಹುಟ್ಟಿತ್ತು.

ಎಲ್ಲವೂ ನಿಲ್ಲಲಿಲ್ಲ. ಕೆಳಗಿನ ತುದಿಯಲ್ಲಿ, ನಮ್ಮ ಕೆಲಸ ಮುಗಿದು ಪಕ್ಕದವರ ಬರಿ ದಂಡೆ ಶುರುವಾಗುವ ಕಡೆ, ನೀರು ಸುಳಿ ಹೊಡೆದು ಆರೇಳು ಮೀಟರ್ ಚಾಪೆ, ಲಾವಂಚ ಸಮೇತ ಒಯ್ದಿತು. ಒಳಕ್ಕೆ ಹೂತ ಕಲ್ಲು ಇದ್ದದ್ದರಿಂದ ಅದು ಮುಂದುವರಿಯಲಿಲ್ಲ. ಆ ಕಡೆ ಹೊಳೆಯ ತಳದಲ್ಲಿ ಹಳೇ ಮರಳು ತೆಗೆದ ಗುಂಡಿಗಳಿವೆ. ರಾತ್ರಿ ಹೊತ್ತು ಯಾರ ಟ್ರ್ಯಾಕ್ಟರು ಬರುತ್ತಿತ್ತೋ, ಗುಂಡಿಯಂತೂ ಇದೆ. ದಂಡೆಯ ಬುಡದಲ್ಲಿ ಮರಳು ತೆಗೆದರೆ ಹೊಳೆ ಆ ಗುಂಡಿ ತುಂಬಲು ಪಕ್ಕದ ದಂಡೆಯನ್ನೇ ಕೆಡವಿಕೊಳ್ಳುತ್ತದೆ. ಮರಳು ತೆಗೆಯುವುದು ನಿಲ್ಲದ ಕಡೆ ಈ ಕೆಲಸಕ್ಕೆ ಕೈ ಹಾಕಬೇಡಿ, ನಿಮ್ಮ ದುಡ್ಡು, ಬೆವರು ಎರಡೂ ಹೊಳೆಪಾಲು. ಮೊದಲು ಊರವರೆಲ್ಲ ಕೂತು ಅದನ್ನು ನಿಲ್ಲಿಸಿ.

ಮಧ್ಯದಲ್ಲಿ ಅಲ್ಲಲ್ಲಿ ಲಾವಂಚ ಸತ್ತಿತ್ತು. ಮಳೆ ಬಿಡುವು ಕೊಟ್ಟಾಗ ಆ ಖಾಲಿ ಜಾಗಕ್ಕೆ ಹೊಸ ಸಸಿ ಇಟ್ಟೆವು. ಸಾಲಿನಲ್ಲಿ ಒಂದಡಿ ಖಾಲಿ ಬಿಟ್ಟರೂ ಮಳೆ ನೀರೆಲ್ಲ ಅಲ್ಲಿಗೇ ನುಗ್ಗುತ್ತದೆ, ಹಾಗಾಗಿ ಮೊದಲ ವರ್ಷ ಇದನ್ನು ಕಾಯುತ್ತಲೇ ಇರಬೇಕು. ಮೇಲಿನ ಸಾಲುಗಳಿಗೆ ಬೇಸಿಗೆಯಲ್ಲಿ ಪಂಪಿನ ನೀರು ಬೇಕು. ಎದೆಯೆತ್ತರ ಬೆಳೆದ ಹುಲ್ಲನ್ನು ಮೊಣಕಾಲಿಗೆ ಕತ್ತರಿಸಿದರೆ ಬುಡದಲ್ಲಿ ಮರಿ ಜಾಸ್ತಿ ಒಡೆಯುತ್ತದೆ. ಕತ್ತರಿಸಿದ ಹುಲ್ಲು ದನದ ಕೊಟ್ಟಿಗೆಗೆ ಹಾಸಲು ಆಗುತ್ತದೆ.

ಖರ್ಚಿನಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಗಿದ್ದು ಕಲ್ಲಿಗೆ ಮತ್ತು ಜೆಸಿಬಿ ಬಾಡಿಗೆಗೆ. ಆಮೇಲೆ ನಾರು. ಜಾಲಿ, ಲಕ್ಕಿ, ಆಪು ಮೂರೂ ಪುಕ್ಕಟೆ, ಕೂಲಿ ಅಷ್ಟೇ.

ಪಕ್ಕದ ಗದ್ದೆಯವರು ನೀರು ಇಳಿದ ಮೇಲೆ ಎರಡೂ ದಂಡೆಗಳನ್ನು ನೋಡಿಕೊಂಡು ಹೋಗಿದ್ದಾರೆ. ತಮ್ಮ ಭಾಗದಲ್ಲೂ ಪಟ್ಟಿ ಬಿಡಲು ಒಪ್ಪಿದ್ದಾರೆ. ಮುಂದಿನ ಮಾರ್ಚಿನಲ್ಲಿ ಹೊಳೆ ಇಳಿದ ಕೂಡಲೇ ಆ ಕೆಳತುದಿಯಿಂದ ಶುರು, ಮೊದಲು ಗುಂಡಿಗಳಿಗೆ ಕಲ್ಲು, ಆಮೇಲೆ ಉರುಳೆ. ಈ ಸಲ ಲಾವಂಚ ಕೊಳ್ಳಬೇಕಿಲ್ಲ. ಮೇಲಿನ ಪಟ್ಟಿಯಲ್ಲಿ ಬೇರೆಯಾಗಿ ಬೆಳೆಸಿದ ಒಂದೊಂದು ಬುಡವನ್ನು ಸೀಳಿದರೆ ಸಾಕಷ್ಟು ಸಸಿ ಸಿಗುತ್ತವೆ. ಹೊಳೆಸಾಲಿನ ರೈತರು ಯಾರಿಗಾದರೂ ಬೇಕಿದ್ದರೆ ಮೇ ಕೊನೆಯ ವಾರ ಬಂದು ಒಯ್ಯಬಹುದು, ದುಡ್ಡು ಬೇಡ. ಬುಡದ ಕಲ್ಲು ಮಾತ್ರ ಮೊದಲೇ ಇಟ್ಟು ಬನ್ನಿ.